ಗುಳಿಗೆ ಡಬ್ಬಿಯಿಂದ ಶುರು ಮಾಡಿ: ಫೆಂಟನಿಲ್, ಓಪಿಯಾಯ್ಡ್ ಬಗ್ಗೆ ಮಕ್ಕಳಿಗೂ ಮನೆಯವರಿಗೂ ಕಲಿಸುವ ಬಗೆ

ಮೊದಲ ಸಲ ಶಾಲೆಗೆ ಹೋಗಿ ಫೆಂಟನಿಲ್ ಎಂಬ, ನೋವಿಗೂ ಕೊಡುವ, ನಶೆಗೂ ಬಳಸುವ ಔಷಧದ ಬಗ್ಗೆ ಮಾತಾಡಿದಾಗ ನಾನು ಪೂರ್ತಿ ಸೋತೆ. ಉತ್ತರ ಕನ್ನಡದ ಶಿರಸಿ ಪೇಟೆಯಲ್ಲಿ ಮೆಡಿಕಲ್ ಅಂಗಡಿಯ ಕೌಂಟರ್ ಹಿಂದೆ ಇಪ್ಪತ್ತು ವರ್ಷ ನಿಂತವನು ನಾನು. ಗುಳಿಗೆ ವಿಚಾರ ನನಗಿಂತ ಜಾಸ್ತಿ ಯಾರಿಗೆ ಗೊತ್ತು ಅನ್ನುವ ಧೈರ್ಯದಲ್ಲಿ ಹೋಗಿದ್ದೆ. ಅಮೆರಿಕದ ಬೀದಿಯಲ್ಲಿ ಬಾಗಿ ನಿಂತವರ ಫೋಟೊ, ಸತ್ತವರ ಲೆಕ್ಕ, ಕೆಂಪು ಅಕ್ಷರದ ಎಚ್ಚರಿಕೆ ಎಲ್ಲ ಪರದೆ ಮೇಲೆ ಹಾಕಿದೆ. ಒಂಬತ್ತನೇ ಕ್ಲಾಸಿನ ಮಕ್ಕಳು ಮೊದಲು ಹೆದರಿದರು, ಆಮೇಲೆ ಒಬ್ಬರನ್ನೊಬ್ಬರು ತಿವಿದು ನಕ್ಕರು. ಹಿಂದಿನ ಬೆಂಚಿನ ಹುಡುಗ ಎದ್ದು, "ಸರ್, ಅದು ಇಲ್ಲಿ ಸಿಗ್ತದಾ?" ಎಂದು ಕೇಳಿದ. ನಾನು ಏನೋ ತೊದಲಿದೆ.

ಎಲ್ಲ ಮುಗಿದು ಚೀಲ ಕಟ್ಟುವಾಗ ಒಬ್ಬ ಹುಡುಗಿ ಹತ್ತಿರ ಬಂದಳು. "ಸರ್, ನಮ್ಮ ಅಜ್ಜಂಗೆ ಬೆನ್ನಿಗೆ ಒಂದು ಪಟ್ಟಿ ಅಂಟಿಸ್ತಾರೆ. ಅದರ ಮೇಲೂ ಇದೇ ಹೆಸರು ಇತ್ತು."

ಅಜ್ಜನಿಗೆ ಕ್ಯಾನ್ಸರ್. ನೋವು ತಡೆಯಲು ಡಾಕ್ಟರು ಫೆಂಟನಿಲ್ ಪ್ಯಾಚ್ ಬರೆದಿದ್ದರು. ನಾನು ಅಮೆರಿಕದಿಂದ ಹುಡುಕಿ ತಂದು ತೋರಿಸಿದ ವಸ್ತು ಆ ಮನೆಯ ಕಪಾಟಿನಲ್ಲೇ ಕೂತಿತ್ತು. ಬಳಸಿದ ಪಟ್ಟಿಯನ್ನು ಎಲ್ಲಿ ಹಾಕ್ತೀರಿ ಎಂದು ಕೇಳಿದೆ. "ಹಿತ್ತಲಿಗೆ" ಅಂದಳು. ಮನೆಯಲ್ಲಿ ಎರಡು ವರ್ಷದ ತಮ್ಮ ಇದ್ದಾನಂತೆ.

ಅಲ್ಲಿಂದ ಪಾಠದ ದಾರಿ ಬದಲಿಸಿದೆ. ಈಗ ನನ್ನ ಪಾಠ ಸುತ್ತುವುದು ಎರಡೇ ವಿಷಯಕ್ಕೆ. ಒಂದು, ಮನೆಯ ಗುಳಿಗೆ ಡಬ್ಬಿ. ಇನ್ನೊಂದು, ಉಸಿರು. ಮಾಸ್ತರು, ಅಕ್ಕೋರು, ಆಶಾ ಕಾರ್ಯಕರ್ತೆಯರು, ಯುವಕ ಸಂಘದವರು ಯಾರು ಬೇಕಾದರೂ ಇದನ್ನು ಮಾಡಬಹುದು. ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೋಗುವ ಮುಂಚೆ ನಿಮಗೆ ಗೊತ್ತಿರಬೇಕಾದ್ದು

ಗಸಗಸೆ ಕಾಯಿಯನ್ನು ಗೀರಿದರೆ ಬರುವ ಹಾಲು ಒಣಗಿ ಅಫೀಮಾಗುತ್ತದೆ. ಮಾರ್ಫಿನ್, ಕೋಡೀನ್ ಅದರಿಂದ ಬರುವಂಥವು. ಮಾರ್ಫಿನ್ ಅನ್ನು ಬದಲಿಸಿದರೆ ಹೆರಾಯಿನ್. ನೋವಿನ ಔಷಧಗಳಾದ ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್ ಇವಕ್ಕೆ ಗಿಡವೇ ಬೇಡ, ಪೂರ್ತಿ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಈ ಇಡೀ ಬಳಗಕ್ಕೆ ಓಪಿಯಾಯ್ಡ್ ಎನ್ನುತ್ತಾರೆ. ಎಲ್ಲವೂ ಮೆದುಳಿನಲ್ಲಿ ಒಂದೇ ಬೀಗಕ್ಕೆ ಹೊಂದುವ ಬೇರೆ ಬೇರೆ ಕೀಲಿಕೈ ಇದ್ದಂತೆ. ನೋವು ತಗ್ಗಿಸುತ್ತವೆ, ಹಿತ ಅನ್ನಿಸುತ್ತವೆ. ಜೊತೆಗೆ, ನಾವು ನಿದ್ದೆಯಲ್ಲಿದ್ದಾಗಲೂ ಉಸಿರು ಎಳೆಸುವ ಮೆದುಳಿನ ಭಾಗವನ್ನು ಮಂಕು ಮಾಡುತ್ತವೆ. ಪ್ರಮಾಣ ಜಾಸ್ತಿಯಾದವನು ಉಸಿರಾಡಲು ಮರೆತು ಸಾಯುತ್ತಾನೆ. ಕೂಗಾಟವಿಲ್ಲ, ಒದ್ದಾಟವಿಲ್ಲ. ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ.

ಫೆಂಟನಿಲ್ 1959ರ ಸುಮಾರಿಗೆ ಬೆಲ್ಜಿಯಂನಲ್ಲಿ ಪಾಲ್ ಜಾನ್ಸೆನ್ ಎಂಬ ವಿಜ್ಞಾನಿಯ ಲ್ಯಾಬಿನಲ್ಲಿ ತಯಾರಾದ ಔಷಧ. ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ತೀಕ್ಷ್ಣ. ಇಂದಿಗೂ ಆಪರೇಷನ್ ಥಿಯೇಟರಿನಲ್ಲಿ ದಿನಾ ಬಳಸುತ್ತಾರೆ. ಅರಿವಳಿಕೆ ಡಾಕ್ಟರು ಪಕ್ಕದಲ್ಲಿ ನಿಂತು ಉಸಿರು ನೋಡುತ್ತಿರುವಾಗ ಅದು ಒಳ್ಳೆಯ ಔಷಧವೇ. ಅಮೆರಿಕದಲ್ಲಿ ಕಳ್ಳದಾರಿಯಲ್ಲಿ ತಯಾರಾದ ಫೆಂಟನಿಲ್ ಬೇರೆ ಮಾದಕವಸ್ತುಗಳಲ್ಲೂ ನಕಲಿ ಗುಳಿಗೆಗಳಲ್ಲೂ ಸೇರಿಕೊಂಡಿತು. 2021 ಮತ್ತು 2022ರಲ್ಲಿ ಅಲ್ಲಿ ಮಾದಕವಸ್ತು ಹೆಚ್ಚಾಗಿ ಸತ್ತವರು ವರ್ಷಕ್ಕೆ 1 ಲಕ್ಷಕ್ಕೂ ಮೇಲೆ. ಮೂರರಲ್ಲಿ ಎರಡು ಪಾಲು ಸಾವಿನಲ್ಲಿ ಫೆಂಟನಿಲ್ ಜಾತಿಯ ವಸ್ತುವಿತ್ತು.

ಇಲ್ಲಿನ ಚಿತ್ರ ಬೇರೆ. ನಮ್ಮ ಊರಿನ ಮೂಲೆ ಮೂಲೆಯಲ್ಲಿ ಫೆಂಟನಿಲ್ ಇದೆ ಎಂದು ಮಕ್ಕಳಿಗೆ ಹೇಳಬೇಡಿ. ಅದು ಸುಳ್ಳು, ಅವರಿಗೂ ಅದು ಗೊತ್ತು. ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ನಿಮ್ಮ ನಿಜವನ್ನೂ ನಂಬುವುದಿಲ್ಲ. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ. ಹೆರಾಯಿನ್ ಮೊದಲ ಸ್ಥಾನದಲ್ಲಿದೆ. ಅದಕ್ಕಿಂತ ಸ್ವಲ್ಪವೇ ಹಿಂದೆ ಇರುವುದು ಮೆಡಿಕಲ್ ಅಂಗಡಿಯಲ್ಲಿ ಸಿಗುವಂಥ ನೋವಿನ ಗುಳಿಗೆ, ಕೆಮ್ಮಿನ ಸಿರಪ್, ಇಂಜೆಕ್ಷನ್. ಅಂದರೆ ನನ್ನ ಕೌಂಟರ್. ಟ್ರಮಡಾಲ್ ಅನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯ ಅಡಿ ತಂದದ್ದು ಸುಮ್ನೆ ಅಲ್ಲ.

ದಿನ ಆರಿಸುವುದು

ಇದನ್ನು ಹಗುರಾಗಿ ತಗೋಬೇಡಿ. ಅಡಕೆ ಕೊನೆ ಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಪಾಲಕರ ಸಭೆ ಇಟ್ಟರೆ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾಗುತ್ತದೆ. ಕರಾವಳಿಯಲ್ಲಿ ಬೆಳಿಗ್ಗೆ ಇಟ್ಟರೆ ಮೀನು ಮಾರುವ ತಾಯಂದಿರು ಬರಲಾರರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಬೈತಖೋಲ, ತದಡಿ, ಹೊನ್ನಾವರ ಕಡೆ ಗಂಡಸರು ಮನೆಯಲ್ಲಿ ಸಿಗುವ ಎರಡು ತಿಂಗಳು ಅವೇ. ಜೂನ್ 26 ಹೇಗೂ ಮಾದಕವಸ್ತು ವಿರೋಧಿ ದಿನ, ಶಾಲೆಯವರೂ ಏನಾದರೊಂದು ಕಾರ್ಯಕ್ರಮ ಹುಡುಕುತ್ತಿರುತ್ತಾರೆ. ಮಳೆಗೆ ರಜೆ ಘೋಷಣೆಯಾಗದಿದ್ದರೆ ನಿಮ್ಮ ಅದೃಷ್ಟ.

ಕಾರವಾರ, ಅಂಕೋಲಾ ಕಡೆ ಕೊಂಕಣಿಯಲ್ಲಿ ಹೇಳಬಲ್ಲವರನ್ನು, ಭಟ್ಕಳದಲ್ಲಿ ನವಾಯತಿ ಅಥವಾ ಉರ್ದು ಬಲ್ಲವರನ್ನು ಜೊತೆಗೆ ಇಟ್ಟುಕೊಳ್ಳಿ. ಮಗ ಉಸಿರು ಬಿಡುತ್ತಿಲ್ಲ ಎಂಬ ಮಾತನ್ನು ತಾಯಿ ಮನೆಮಾತಿನಲ್ಲೇ ಕೇಳಿಸಿಕೊಳ್ಳಬೇಕು.

ಮಕ್ಕಳ ಕ್ಲಾಸು ಬೇರೆ, ಪಾಲಕರ ಸಭೆ ಬೇರೆ ಇಡಿ. ಅಪ್ಪ ಪಕ್ಕದಲ್ಲಿ ಕೂತಿದ್ದರೆ ಯಾವ ಮಾಣಿಯೂ ಬಾಯಿ ಬಿಡುವುದಿಲ್ಲ.

ಕ್ಲಾಸಿನ ನಲವತ್ತು ನಿಮಿಷ

ಖಾಲಿ ಗುಳಿಗೆ ಪಟ್ಟಿಗಳನ್ನು ತೆಗೆದುಕೊಂಡು ಹೋಗಿ. ಖಾಲಿಯವು ಮಾತ್ರ, ಒಂದೇ ಒಂದು ಗುಳಿಗೆಯೂ ಇರಬಾರದು. ಇಬ್ಬಿಬ್ಬರಿಗೆ ಒಂದೊಂದು ಪಟ್ಟಿ ಕೊಟ್ಟು, "ದೊಡ್ಡ ಅಕ್ಷರದ ಹೆಸರು ಬಿಡಿ, ಸಣ್ಣ ಅಕ್ಷರದ್ದು ಓದಿ" ಎನ್ನಿ. ದೊಡ್ಡದು ಕಂಪನಿ ಇಟ್ಟ ಹೆಸರು, ಸಣ್ಣದು ಒಳಗಿರುವ ನಿಜವಾದ ಔಷಧ. ಆಮೇಲೆ ಮೂಲೆಯಲ್ಲಿ ಏನಿದೆ ನೋಡಿಸಿ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಕ್ಕೆ ಆರ್‌ಎಕ್ಸ್ ಗುರುತು ಇರುತ್ತದೆ. ಟ್ರಮಡಾಲ್‌ನಂಥ ಮಾದಕವಸ್ತು ಕಾಯ್ದೆಯ ಔಷಧಕ್ಕೆ ಕೆಂಪಿನಲ್ಲಿ ಎನ್‌ಆರ್‌ಎಕ್ಸ್ ಎಂದಿರುತ್ತದೆ. ಟ್ರಮಡಾಲ್, ಕೋಡೀನ್ ಕೊಟ್ಟರೆ ಅಂಗಡಿಯವನು ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಂಬುದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಆ ಪುಸ್ತಕವನ್ನು 3 ವರ್ಷ ಇಡಬೇಕು. ಮಕ್ಕಳಿಗೆ ಈ ಭಾಗ ತುಂಬಾ ಇಷ್ಟ. ಪತ್ತೇದಾರಿ ಕೆಲಸದ ಹಾಗೆ ಪಟ್ಟಿ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಎರಡನೆಯದು ಉಪ್ಪಿನ ಆಟ. ಕರಿಬೋರ್ಡಿನ ಮೇಲೆ ಬರೆಯಿರಿ: ಜ್ವರದ ಪ್ಯಾರಾಸಿಟಮಾಲ್ ಒಂದು ಗುಳಿಗೆಯಲ್ಲಿ 500 ಮಿಲಿಗ್ರಾಂ ಔಷಧ. ಅದನ್ನು 250 ಪಾಲು ಮಾಡಿದರೆ ಒಂದು ಪಾಲು 2 ಮಿಲಿಗ್ರಾಂ. ಅಭ್ಯಾಸ ಇಲ್ಲದವನಿಗೆ ಅಷ್ಟು ಫೆಂಟನಿಲ್ ಸಾವು ತರಬಹುದು ಎಂದು ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ ಹೇಳುತ್ತದೆ. ಕಪ್ಪು ಕಾಗದದ ಮೇಲೆ ಉಪ್ಪಿನ ಪುಡಿಯ ಹತ್ತು ಹದಿನೈದು ಹರಳು ಇಟ್ಟು ತೋರಿಸಿ. ಆಮೇಲೆ ಕೇಳಿ: ಅವಲಕ್ಕಿಗೆ ಉಪ್ಪು ಸರಿಯಾಗಿ ಬೆರೆಯದಿದ್ದರೆ ಏನಾಗ್ತದೆ? ಒಂದು ತುತ್ತು ಸಪ್ಪೆ, ಇನ್ನೊಂದು ತುತ್ತು ಬಾಯಿಗಿಡಲಾಗದಷ್ಟು ಉಪ್ಪು. ನಕಲಿ ಗುಳಿಗೆ ಒತ್ತುವವನ ಬಳಿ ಫ್ಯಾಕ್ಟರಿಯ ತಕ್ಕಡಿ ಇಲ್ಲ. ಒಂದೇ ಪೊಟ್ಟಣದ ಒಂದು ಗುಳಿಗೆಯಲ್ಲಿ ಏನೂ ಇರದೆ ಇನ್ನೊಂದರಲ್ಲಿ ಸಾವು ಇರಬಹುದು. "ನನ್ನ ದೋಸ್ತ ತಗೊಂಡ, ಅವನಿಗೇನೂ ಆಗ್ಲಿಲ್ಲ" ಎಂಬ ಮಾತಿಗೆ ಯಾಕೆ ಬೆಲೆ ಇಲ್ಲ ಎಂದು ಬೇರೆ ವಿವರಿಸುವುದೇ ಬೇಡ.

ಮೂರನೆಯದು ಉಸಿರು ಎಣಿಸುವುದು. ಇಬ್ಬಿಬ್ಬರು ಎದುರು ಬದುರು ಕೂರಲಿ. ಒಬ್ಬ ಸುಮ್ಮನಿರಲಿ, ಇನ್ನೊಬ್ಬ ಅವನ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಲಿ. ಎಣಿಸ್ತಾ ಇದ್ದಾರೆ ಅಂತ ಗೊತ್ತಾದ ಕೂಡಲೇ ಉಸಿರಿನ ತಾಳ ತಪ್ಪುತ್ತದೆ, ಇಡೀ ಕ್ಲಾಸು ನಗುತ್ತದೆ. ನಗಲಿ. ಎರಡನೇ ಸುತ್ತಿನಲ್ಲಿ ಸರಿಹೋಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬರುತ್ತದೆ. ಆಮೇಲೆ ನೀವೇ ಗಡಿಯಾರ ನೋಡುತ್ತ ಹತ್ತು ಸೆಕೆಂಡಿಗೆ ಒಂದರಂತೆ ಉಸಿರಾಡಿ ತೋರಿಸಿ. ನಿಮಿಷಕ್ಕೆ ಆರೇ ಆರು. ಆ ಹತ್ತು ಸೆಕೆಂಡು ಎಷ್ಟು ಉದ್ದ ಅಂತ ಮಕ್ಕಳ ಮುಖದಲ್ಲೇ ಕಾಣುತ್ತದೆ. ಫೋಟೊದಿಂದ ಹುಟ್ಟದ ಗಾಂಭೀರ್ಯ ಇಲ್ಲಿ ತಾನಾಗಿ ಬರುತ್ತದೆ.

ಪ್ರಶ್ನೆಗಳಿಗೆ ಒಂದು ರಟ್ಟಿನ ಡಬ್ಬ ಇಡಿ, ಹೆಸರು ಬರೆಯದೆ ಚೀಟಿ ಹಾಕಲಿ. ಅರ್ಧ ಚೀಟಿ ಗಾಂಜಾ ಬಗ್ಗೆ ಇರುತ್ತದೆ. ಗಾಂಜಾ ಓಪಿಯಾಯ್ಡ್ ಅಲ್ಲ, ಅದರ ಕೆಡುಕು ಬೇರೆ ಥರದ್ದು, ಕಾಯ್ದೆ ಮಾತ್ರ ಎರಡಕ್ಕೂ ಇದೆ ಎಂದು ನೇರ ಹೇಳಿ ಮುಂದೆ ಹೋಗಿ. ಯಾವುದನ್ನು ಹೇಗೆ ತಗೋತಾರೆ, ಎಲ್ಲಿ ಸಿಗ್ತದೆ, ಎಷ್ಟು ರೂಪಾಯಿ ಎಂಬ ಚೀಟಿಗಳಿಗೆ ಉತ್ತರ ಕೊಡಲೇಬೇಡಿ. ಕೆಲವರು ಜಾಗೃತಿ ಅಂತ ಹೇಳಿ ಪಾಕವಿಧಾನವನ್ನೇ ಒಪ್ಪಿಸಿ ಬರುತ್ತಾರೆ.

"ಬೇಡ" ಅನ್ನುವುದನ್ನೂ ಮಾತಿನಲ್ಲೇ ಅಭ್ಯಾಸ ಮಾಡಿಸಿ. ಭಾಷಣದ "ಬೇಡ" ಜಾತ್ರೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಾರಿಕಾಂಬಾ ಜಾತ್ರೆಯ ರಾತ್ರಿ, ಯಕ್ಷಗಾನದ ಆಟ ನೋಡಲು ಹೋದಾಗ, ಗೋಕರ್ಣದ ಬೀಚಿನಲ್ಲಿ ಗುರುತಿಲ್ಲದವರ ಗುಂಪಿನಲ್ಲಿ ಯಾರಾದರೂ ಗುಳಿಗೆ ಚಾಚಿದರೆ ಏನು ಹೇಳ್ತೀರಿ? ಒಂದು ಸಲ ಒಬ್ಬ ಹುಡುಗ, "ಮನೆಗೆ ಹೋದ್ರೆ ಆಯಿ ಬಾಯಿ ಮೂಸ್ತದೆ ಮಾರಾಯಾ" ಅಂದ. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇರಲಿಲ್ಲ. ಗುಳಿಗೆ ಬಾಯಿಯಲ್ಲಿ ವಾಸನೆ ಬಿಡುವುದಿಲ್ಲ ಅನ್ನುವುದು ಬೇರೆ ಮಾತು. ನೆಪ ಗಟ್ಟಿಯಾಗಿದ್ದರೆ ಸಾಕು.

ಇನ್ನೊಂದು ಮಾತು ಅವರಿಗೆ ಹೇಳಲೇಬೇಕು. "ಈ ಪೊಟ್ಟಣ ಆ ಅಣ್ಣನಿಗೆ ಕೊಟ್ಟು ಬಾ, ನೂರು ರೂಪಾಯಿ ಕೊಡ್ತೆ" ಅನ್ನುವವರು ಇದ್ದಾರೆ. ಮಕ್ಕಳನ್ನು ಹೀಗೆ ಸಾಗಾಟಕ್ಕೆ ಬಳಸಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ ಇದೆ. ತಪ್ಪು ಕಳಿಸಿದವನದು. ಹಾಗಾಗಿ ಹೆದರದೆ ಮಾಸ್ತರಿಗೋ ಮಕ್ಕಳ ಸಹಾಯವಾಣಿ 1098ಕ್ಕೋ ಹೇಳಬಹುದು ಎಂದು ತಿಳಿಸಿ.

ಪಾಲಕರ ಸಭೆ: ಡಬ್ಬಿ ತರಲು ಹೇಳಿ

ಆಮಂತ್ರಣ ಚೀಟಿಯಲ್ಲೇ ಬರೆಯಿಸಿ: "ಮನೆಯಲ್ಲಿರುವ ಗುಳಿಗೆ ಡಬ್ಬಿ ತೆಗೆದುಕೊಂಡು ಬನ್ನಿ." ಬಿಸ್ಕೆಟಿನ ತಗಡಿನ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ಒಮ್ಮೆ ಒಬ್ಬರು ಕವಳದ ಹರಿವಾಣದಲ್ಲೇ ತಂದಿದ್ದರು. ಅಡಕೆ ಹೋಳು, ಸುಣ್ಣದ ಡಬ್ಬಿಯ ನಡುವೆ ಅರ್ಧ ಮುರಿದ ಪಟ್ಟಿಗಳು. ಮೂರು ವರ್ಷದ ಹಿಂದಿನ ಸೊಂಟ ನೋವಿನ ಗುಳಿಗೆ, ಬೋಟಿನಲ್ಲಿ ಬಲೆ ಎಳೆದು ಭುಜ ಹಿಡಿದಾಗ ತಂದದ್ದು, ತೀರಿಹೋದ ಅತ್ತೆಯದ್ದು. "ಬೇಕಾದ್ರೆ ಇರ್ಲಿ ಅಂತ ಇಟ್ಟದ್ದು" ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮನೆಯಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ.

ಡಬ್ಬಿ ಬಿಚ್ಚಿಸಿ, ಮಕ್ಕಳು ಕಲಿತ ಹಾಗೆಯೇ ಸಣ್ಣ ಅಕ್ಷರ ಓದಿಸಿ. ಕಣ್ಣು ಕಾಣದವರಿಗೆ ಪಕ್ಕದವರು ಓದಲಿ. ಓಪಿಯಾಯ್ಡ್ ಸಿಕ್ಕರೆ ಒಂದೇ ಪ್ರಶ್ನೆ: ಇದು ಈಗ ಯಾರಿಗಾದರೂ ಡಾಕ್ಟರು ಬರೆದದ್ದಾ? ಹೌದಾದರೆ ಎಣಿಸಿ, ಬೀಗ ಹಾಕಿ ಇಡಿ. ಗೋದ್ರೇಜ್ ಕಪಾಟಿನಲ್ಲಿ ಬಂಗಾರದ ಪಕ್ಕದಲ್ಲಿಡಿ ಎಂದರೆ ಬೇಗ ಅರ್ಥವಾಗುತ್ತದೆ. ಅಲ್ಲವಾದರೆ ಹೊರಗೆ ಹಾಕಿ. ಎಲ್ಲಿಗೆ? ಹಿತ್ತಲಿಗೆ ಅಲ್ಲ, ಕೊಟ್ಟಿಗೆ ಗೊಬ್ಬರಕ್ಕೂ ಅಲ್ಲ. 2025ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ 17 ಔಷಧಗಳನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಪಾಯಿಖಾನೆಗೆ ಹಾಕಿ ನೀರು ಬಿಡಿ ಎಂದು ಹೇಳಿದ್ದಾರೆ. ಫೆಂಟನಿಲ್, ಟ್ರಮಡಾಲ್, ಟ್ಯಾಪೆಂಟಡಾಲ್ ಆ ಪಟ್ಟಿಯಲ್ಲಿವೆ. ಉಳಿದ ಔಷಧಗಳನ್ನು ಹಾಗೆ ಮಾಡಬೇಡಿ, ಮೆಡಿಕಲ್ ಅಂಗಡಿಯವರನ್ನು ಕೇಳಿ.

ಪ್ಯಾಚ್ ಇರುವ ಮನೆಯವರಿಗೆ ಬೇರೆಯೇ ಮಾತು. ಮೂರು ದಿನ ಬೆನ್ನಿನ ಮೇಲಿದ್ದ ಪಟ್ಟಿಯಲ್ಲೂ ಔಷಧ ಉಳಿದಿರುತ್ತದೆ. ಮಗು ಎತ್ತಿ ಬಾಯಿಗೆ ಹಾಕಿಕೊಂಡರೆ ಅಥವಾ ಮೈಗೆ ಅಂಟಿದರೆ ಸಾಯಬಹುದು, ಬೇರೆ ದೇಶಗಳಲ್ಲಿ ಹಾಗೆ ಆಗಿದೆ. ತೆಗೆದ ಕೂಡಲೇ ಅಂಟು ಬದಿ ಒಳಗೆ ಬರುವ ಹಾಗೆ ಮಡಚಿ, ಒತ್ತಿ, ಈಗ ಹೇಳಿದ ಹಾಗೆಯೇ ಪಾಯಿಖಾನೆಗೆ ಹಾಕಿ ನೀರು ಬಿಡಬೇಕು. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬಾರದು, ಬಚ್ಚಲ ಒಲೆ ಎದುರು ಬೆನ್ನು ಕಾಯಿಸಬಾರದು. ಬಿಸಿ ತಾಗಿದರೆ ಔಷಧ ಮೈಯೊಳಗೆ ಬೇಗ ಇಳಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅಜ್ಜ ಬಚ್ಚಲ ಒಲೆ ಬಿಟ್ಟು ಏಳುವುದಿಲ್ಲ ಅಲ್ವಾ, ಅದಕ್ಕೆ ಹೇಳಿದೆ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಹೆದರಿ ಕ್ಯಾನ್ಸರ್ ರೋಗಿಯ ಮಾರ್ಫಿನ್ ನಿಲ್ಲಿಸುವ ಅಪಾಯ ಇದೆ. ನಿಲ್ಲಿಸಬಾರದು. ನೋವಿನಲ್ಲಿ ನರಳುವವರಿಗೆ ಈ ಔಷಧ ಸಿಗುವುದೇ ಕಷ್ಟವಾಗಿತ್ತು, ಅದಕ್ಕೇ 2014ರಲ್ಲಿ ಕಾಯ್ದೆ ತಿದ್ದಿ ದಾರಿ ಸುಲಭ ಮಾಡಿದ್ದು. ಡಾಕ್ಟರು ಹೇಳಿದ ಪ್ರಮಾಣದಲ್ಲಿ ತಗೊಂಡರೆ ಅದು ಚಟ ಅಲ್ಲ. ಬದಲಾವಣೆ ಏನಿದ್ದರೂ ಡಾಕ್ಟರ ಬಾಯಿಂದಲೇ ಬರಬೇಕು.

ಗುರುತುಗಳ ಪಟ್ಟಿ ಕೊಡಿ ಎಂದು ಪಾಲಕರು ಕೇಳಿಯೇ ಕೇಳುತ್ತಾರೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗುವುದು, ಕೂತಲ್ಲೇ ತೂಕಡಿಸುವುದು, ಮಲಬದ್ಧತೆ, ಮೈ ತುರಿಕೆ, ಮನೆಯ ಗುಳಿಗೆ ಕಡಿಮೆಯಾಗುವುದು, ಕಾರಣವಿಲ್ಲದೆ ದುಡ್ಡು ಕೇಳುವುದು. ಇದರಲ್ಲಿ ಒಂದೊಂದೇ ಕಂಡರೆ ಏನೂ ಹೇಳಲಾಗದು. ರಾತ್ರಿಯೆಲ್ಲ ಮೊಬೈಲ್ ನೋಡಿದ ಮಗನೂ ಬೆಳಿಗ್ಗೆ ತೂಕಡಿಸುತ್ತಾನೆ. ಪತ್ತೆ ಮಾಡಲು ಹೊರಟು ಪೊಲೀಸ್ ಆಗಬೇಡಿ. "ಯಾಕೋ ಸಪ್ಪಗಿದ್ದೆ, ಎಂತಾ ಆತು?" ಎಂದು ಕೇಳುವ ಅಪ್ಪನಿಗೆ ತಿಳಿಯುವಷ್ಟು ಚೀಲ ಹುಡುಕುವ ಅಪ್ಪನಿಗೆ ತಿಳಿಯುವುದಿಲ್ಲ.

ಎಬ್ಬಿಸಿದರೂ ಏಳದಿದ್ದರೆ

ಇಡೀ ಸಭೆಯಲ್ಲಿ ಒಂದೇ ಒಂದು ಭಾಗ ನೆನಪಿರಬೇಕು ಅಂದರೆ ಇದು. ಹಾಗಾಗಿ ಹೇಳುವುದಲ್ಲ, ನೆಲದ ಮೇಲೆ ಚಾಪೆ ಹಾಸಿ ಮಾಡಿ ತೋರಿಸಿ.

ಹೆಸರು ಹಿಡಿದು ಜೋರಾಗಿ ಕೂಗಿ, ಭುಜ ಅಲ್ಲಾಡಿಸಿ. ಏಳದಿದ್ದರೆ ಎದೆಯ ನಡುವಿನ ಮೂಳೆಯನ್ನು ಬೆರಳ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಮಲಗಿದವನು ನೋವಿಗೆ ಎದ್ದು ಬೈಯುತ್ತಾನೆ. ಓಪಿಯಾಯ್ಡ್ ಜಾಸ್ತಿಯಾದವನು ಏಳುವುದಿಲ್ಲ. ಹೊಟ್ಟೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ, ಅಥವಾ ಗಂಟಲಲ್ಲಿ ನೀರು ಗುಳುಗುಳು ಅಂದ ಹಾಗಿನ ಗೊರಕೆ, ತುಟಿ ಉಗುರು ನೀಲಿ ಅಥವಾ ಬೂದಿ ಬಣ್ಣ, ಪಾಪೆ ಸಣ್ಣದು. ಇಷ್ಟು ಕಂಡರೆ ಕಾಯಬಾರದು. ನಮ್ಮ ಮೈಬಣ್ಣಕ್ಕೆ ಹೊರಗಿನ ತುಟಿಯ ನೀಲಿ ಬೇಗ ಕಾಣುವುದಿಲ್ಲ, ತುಟಿ ಮಡಚಿ ಒಳಗೆ ನೋಡಿ.

108 ಅಥವಾ 112ಕ್ಕೆ ಫೋನ್ ಮಾಡಿ. "ಮೈಗೆ ಹುಷಾರಿಲ್ಲ" ಎನ್ನಬೇಡಿ, "ಉಸಿರು ನಿಲ್ತಾ ಇದೆ" ಎನ್ನಿ. ಜೋಯಿಡಾ, ಸಿದ್ದಾಪುರದ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗಬೇಕೆಂದರೆ ದಿಬ್ಬ ಹತ್ತಬೇಕು. ಹಾಗಾಗಿ ಒಬ್ಬ ಫೋನಿಗೆ ಓಡಲಿ, ಒಬ್ಬ ರೋಗಿಯ ಹತ್ತಿರ ಇರಲಿ. ಒಬ್ಬರೇ ಇದ್ದರೆ ಜೋರಾಗಿ ಕೂ ಹಾಕಿ, ಆಚೆ ತೋಟದವರಿಗೆ ಕೇಳಲಿ.

ಅಂಬ್ಯುಲೆನ್ಸ್ ಬರುವ ತನಕ ನೀವೇ ಉಸಿರು ಕೊಡಬೇಕು. ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಬಾಯಲ್ಲಿ ಏನಾದರೂ ಕಂಡರೆ ತೆಗೆದು, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಐದು ಸೆಕೆಂಡಿಗೆ ಒಂದರಂತೆ ಊದಿ. ಎದೆ ಏರಬೇಕು. ಉಸಿರು ಇಲ್ಲ, ಮೈಯಲ್ಲಿ ಮಿಸುಕಾಟವೂ ಇಲ್ಲ ಎಂದಾದರೆ ಎದೆಯ ನಡುವೆ ಎರಡು ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಇದನ್ನು ಓದಿ ಕಲಿಯುವುದು ಕಷ್ಟ. ತಾಲೂಕು ಆಸ್ಪತ್ರೆಯ ನರ್ಸ್ ಒಬ್ಬರನ್ನು ಸಭೆಗೆ ಕರೆಸಿ, ಗೊಂಬೆ ಇಲ್ಲದಿದ್ದರೆ ದಿಂಬಿನ ಮೇಲಾದರೂ ಮಾಡಿಸಿ. ಸ್ವಂತ ಉಸಿರು ಸರಿಯಾಗಿ ಬರುತ್ತಿದ್ದರೆ ಎಡ ಮಗ್ಗುಲಿಗೆ ತಿರುಗಿಸಿ ಮಲಗಿಸಿ, ವಾಂತಿ ಗಂಟಲಿಗೆ ಹೋಗದ ಹಾಗೆ.

ಮಜ್ಜಿಗೆ, ಲಿಂಬು ಶರಬತ್ತು ಕುಡಿಸಬೇಡಿ. ತಲೆ ಮೇಲೆ ಕೊಡಪಾನದ ನೀರು ಸುರಿಯಬೇಡಿ. ವಾಂತಿ ಮಾಡಿಸಬೇಡಿ. "ಮಲಗ್ಲಿ ಬಿಡಿ, ಬೆಳಿಗ್ಗೆ ಇಳೀತದೆ" ಅನ್ನುವ ಹಿರಿಯರ ಮಾತು ಕೇಳಲೇಬೇಡಿ. ಸೆರೆ ಕುಡಿದವನ ಮೇಲೆ ಕಲಿತ ಉಪಾಯ ಇಲ್ಲಿ ಕೊಲ್ಲುತ್ತದೆ. ಸೆರೆಯ ಜೊತೆಗೆ ಈ ಗುಳಿಗೆಯೋ ನಿದ್ದೆ ಗುಳಿಗೆಯೋ ಸೇರಿದ್ದರೆ ಇನ್ನೂ ಬೇಗ.

ಈಗ ನಮ್ಮ ಜಿಲ್ಲೆಯ ಕಾಯಿಲೆಗೆ ಬರುತ್ತೇನೆ. ದೊಡ್ಡ ಆಸ್ಪತ್ರೆ ಇಲ್ಲ ಎಂದು ಕೂಗಿ ಕೂಗಿ ಸಾಕಾದ ನಾವು, ಏನೇ ಆದರೂ ನೇರ ಹೊರಡುವುದು ಮಣಿಪಾಲಕ್ಕೆ, ಗೋವಾದ ಬಾಂಬೋಳಿಗೆ, ಹುಬ್ಬಳ್ಳಿಗೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಉಸಿರು ನಿಂತವನಿಗೆ ನಾಲ್ಕೈದು ನಿಮಿಷದಲ್ಲಿ ಮೆದುಳು ಹಾಳಾಗಲು ಶುರು. ಅವನಿಗೆ ಬೇಕಾದ್ದು ಆಮ್ಲಜನಕ, ಗಾಳಿ ಒತ್ತುವ ಚೀಲ, ಮತ್ತು ನಾಲಾಕ್ಸೋನ್ ಎಂಬ ಇಂಜೆಕ್ಷನ್. ಹಾಗಾಗಿ ಯಾವುದು ಹತ್ತಿರವೋ ಆ ಆಸ್ಪತ್ರೆಗೆ ಮೊದಲು ಹೋಗಿ. ದೊಡ್ಡದು ಆಮೇಲೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ನಾಲಾಕ್ಸೋನ್ ಇದೆಯಾ ಎಂದು ಸಭೆಗೆ ಮುಂಚೆ ನೀವೇ ಹೋಗಿ ಕೇಳಿ. ನಾಲ್ಕು ಜನ ಕೇಳಿದರೆ ಇಡುತ್ತಾರೆ.

ನಾಲಾಕ್ಸೋನ್ ಮೆದುಳಿನ ಆ ಬೀಗದಿಂದ ಓಪಿಯಾಯ್ಡ್ ಅನ್ನು ಕಿತ್ತು ತಾನು ಕೂರುತ್ತದೆ. ಸತ್ತೇ ಹೋದ ಅನ್ನುವವನು ಕೆಲವೇ ನಿಮಿಷದಲ್ಲಿ ಕಣ್ಣು ಬಿಡುತ್ತಾನೆ. ಆದರೆ ಅದರ ಪ್ರಭಾವ 30ರಿಂದ 90 ನಿಮಿಷ ಅಷ್ಟೇ. ಮೈಯೊಳಗಿನ ಗುಳಿಗೆ ಅದಕ್ಕಿಂತ ಜಾಸ್ತಿ ಹೊತ್ತು ಇರಬಹುದು, ಮತ್ತೆ ಉಸಿರು ಇಳಿಯಬಹುದು. ಎದ್ದ ಕೂಡಲೇ ನಾಚಿಕೆಗೆ ಮನೆಗೆ ಕರೆದುಕೊಂಡು ಹೋಗಬೇಡಿ. ಡಾಕ್ಟರಿಗೆ ಸುಳ್ಳೂ ಹೇಳಬೇಡಿ, ಸಿಕ್ಕ ಖಾಲಿ ಪಟ್ಟಿಯನ್ನು ಕೈಗೆ ಕೊಡಿ. ಉದಾಹರಣೆಗೆ ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಕೂಡ ಬರುತ್ತದೆ, ಚಿಕಿತ್ಸೆ ಸ್ವಲ್ಪ ಬೇರೆ.

ಚಟ ಹಿಡಿದವನು ಮನೆಯಲ್ಲೇ ಇದ್ದರೆ

ಸಭೆ ಮುಗಿದ ಮೇಲೆ ಒಬ್ಬರಾದರೂ ಹಿಂದೆ ಉಳಿಯುತ್ತಾರೆ. ಚಪ್ಪಲಿ ಹುಡುಕುವ ನೆಪದಲ್ಲಿ. ಅವರಿಗಾಗಿ ಹತ್ತು ನಿಮಿಷ ಇಟ್ಟುಕೊಳ್ಳಿ.

ಅವರ ಮೊದಲ ಭಯ ಪೊಲೀಸರದು. ಮಾದಕವಸ್ತು ಕಾಯ್ದೆಯ 64ಎ ಕಲಂ ಪ್ರಕಾರ, ಚಟಕ್ಕೆ ಬಿದ್ದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು.

ಎರಡನೇ ಭಯ ಊರವರದು. ಅದಕ್ಕೆ ಕಲಂ ಇಲ್ಲ. 14416ಕ್ಕೆ ಫೋನ್ ಮಾಡಲು ಹೇಳಿ, ಅದು ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ಮನೆಯಿಂದ ಹೊರಡಬೇಕಾಗಿಲ್ಲ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೂ ಮಾನಸಿಕ ತಜ್ಞರು ಬರುತ್ತಾರೆ, ದಿನ ಕೇಳಿಕೊಂಡು ಹೋಗಿ. ಅದಕ್ಕೂ ಮೇಲೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್.

ನಮ್ಮಲ್ಲಿ ಹುಡುಗನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು ಇದೆ. ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಆಣೆ ಮಾಡಿಸಿ ಮಾಳಿಗೆ ಕೋಣೆಯಲ್ಲಿ ಕೂಡಿ ಹಾಕಬೇಡಿ. ಗುಳಿಗೆ ನಿಂತ ಮೇಲೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈ ಜುಮ್ಮೆನ್ನುವುದು, ಭೇದಿ, ನಿದ್ದೆ ಇಲ್ಲ. ಎರಡು ಮೂರನೇ ದಿನ ತೀರಾ ಜೋರು. ಅದನ್ನು ದಾಟಿದ ಮೇಲೆ ಮೈಯ ತಾಳಿಕೆ ಇಳಿದಿರುತ್ತದೆ. ಆಗ ಒಂದು ದಿನ ತಪ್ಪಿಸಿಕೊಂಡು ಹೋಗಿ ಹಳೇ ಲೆಕ್ಕದಲ್ಲೇ ತಗೊಂಡರೆ ಅದೇ ಕೊನೆ. ಬಿಟ್ಟವನು ಮತ್ತೆ ಹಿಡಿಯುವ ಮೊದಲ ದಿನವೇ ಅತಿ ಅಪಾಯದ ದಿನ. ಚಟ ಬಿಡಿಸಲು ಡಾಕ್ಟರು ಕೊಡುವ ಬುಪ್ರೆನಾರ್ಫಿನ್ ಎಂಬ ಗುಳಿಗೆ ತಿಂಗಳುಗಟ್ಟಲೆ ನಡೆಯಬಹುದು. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ರು" ಎಂದು ಮನೆಯವರು ಗೊಣಗುತ್ತಾರೆ. ಬಿ.ಪಿ. ಗುಳಿಗೆಯನ್ನು ಚಟ ಅಂತೀರಾ ಎಂದು ನಾನು ಕೇಳುತ್ತೇನೆ.

ವಿಮಾನ ಹತ್ತುವವರಿಗೆ

ನಮ್ಮ ಕಡೆ ಕರೆಂಟು ಕೈಕೊಡುವ ಹಳ್ಳಿಯ ಮನೆಯಲ್ಲೂ ಒಬ್ಬ ಅಮೆರಿಕದಲ್ಲಿರುತ್ತಾನೆ. ಓದಲು ಹೊರಟ ಮಕ್ಕಳಿಗೆ ಉಪ್ಪಿನಕಾಯಿ ಕಟ್ಟುವಾಗ ಇದನ್ನೂ ಹೇಳಿ. ಪರೀಕ್ಷೆ ಹೊತ್ತಿಗೆ ಎಚ್ಚರವಿರಲು, ತಲೆನೋವಿಗೆ, ನಿದ್ದೆಗೆ ಎಂದು ರೂಮಿನವರು ಕೊಟ್ಟ ಗುಳಿಗೆ ಬೇಡ. ಆನ್‌ಲೈನಿನಲ್ಲಿ ಕೊಂಡದ್ದೂ ಬೇಡ. ಫಾರ್ಮಸಿಯಲ್ಲಿ ನಿಮ್ಮ ಹೆಸರಿಗೆ ಕೊಟ್ಟದ್ದು ಮಾತ್ರ. 2023ರಿಂದ ಅಲ್ಲಿ ನಾಲಾಕ್ಸೋನ್ ಮೂಗಿನ ಸ್ಪ್ರೇ ಚೀಟಿ ಇಲ್ಲದೆ ಸಿಗುತ್ತದೆ, ರೂಮಿನಲ್ಲಿ ಒಂದು ಇದ್ದರೆ ಒಳ್ಳೆಯದು.

ಗಲ್ಫಿಗೆ ಹೋಗುವವರಿಗೆ ಅಪಾಯ ಬೇರೆ. "ನನ್ನ ಅಣ್ಣಂಗೆ ಈ ಔಷಧಿ ಕೊಟ್ಬಿಡಿ" ಎಂದು ಭಟ್ಕಳ, ಹೊನ್ನಾವರ, ಕಾರವಾರದಲ್ಲಿ ಪೊಟ್ಟಣ ಕೊಡುವುದು ಮಾಮೂಲು. ಅದರಲ್ಲಿ ಟ್ರಮಡಾಲ್, ಕೋಡೀನ್ ಇದ್ದರೆ ಯುಎಇಯಂಥ ದೇಶದಲ್ಲಿ ಮೊದಲೇ ಅನುಮತಿ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರ ಪೊಲೀಸರ ಕೈಗೆ. ಪೊಟ್ಟಣ ಬಿಚ್ಚಿ ಸಣ್ಣ ಅಕ್ಷರ ಓದದೆ ಯಾರದ್ದನ್ನೂ ಒಯ್ಯಬೇಡಿ, ಸ್ವಂತ ಬಾವನದ್ದಾದರೂ.

ಒಂದು ತಿಂಗಳ ನಂತರ

ಮತ್ತೆ ಹೋಗಿ. ಒಂದೇ ಸಲದ ಭಾಷಣ ಗಾಳಿಗೆ ಹೋಗುತ್ತದೆ. ಡಬ್ಬಿ ಖಾಲಿ ಮಾಡಿದವರು ಯಾರು, 108 ನಂಬರು ಗೋಡೆಗೆ ಅಂಟಿಸಿದವರು ಯಾರು, ಸಿಗ್ನಲ್ ಸಿಗುವ ಜಾಗ ಗೊತ್ತು ಮಾಡಿಕೊಂಡವರು ಯಾರು ಎಂದು ಕೈ ಎತ್ತಿಸಿ. ಪೂರ್ತಿ ಲೆಕ್ಕ ಸಿಗುವುದಿಲ್ಲ, ಅರ್ಧ ಕೈ ಎದ್ದರೂ ಸಾಕು.

ನಾನು ಎರಡನೇ ಸಲ ಹೋದಾಗ ಹಿಂದಿನ ಬೆಂಚಿನ ಆ ಹುಡುಗನೇ ಮೊದಲು ಕೈ ಎತ್ತಿದ್ದು. ರಾತ್ರಿ ಅಜ್ಜ ಮಲಗಿದ ಮೇಲೆ ಗೊತ್ತಾಗದ ಹಾಗೆ ಎಣಿಸಿದ್ದನಂತೆ. "ಹದಿನಾಲ್ಕು ಬಂತು ಸರ್. ಆಮೇಲೆ ಅಜ್ಜ ಒಂದು ಕಣ್ಣು ಬಿಟ್ಟು, ಎಂತಾ ಮಾಡ್ತಾ ಇದ್ಯೋ ತಮಾ, ನಾ ಇನ್ನೂ ಸತ್ತಿದ್ನಿಲ್ಲೆ ಅಂದ."